ಆಕ್ಸಿಲರೇಟರ್ ಕೊಟ್ಟರೆ ಆಕ್ಸಿಲರೋಮೀಟರ್ ಅಂದಿತು: ಹಳೇ ಪೆಡಲ್‌ಗೆ ಯುಎಸ್‌ಬಿ ಕಟ್ಟಿದ ಕಥೆ

ಅಕ್ಕನ ಮಗ ರಜೆಗೆ ಬಂದಾಗ ಬಟ್ಟೆ ಬ್ಯಾಗ್ ಜೊತೆ ಒಂದು ರಟ್ಟಿನ ಡಬ್ಬವನ್ನೂ ಹೊತ್ತು ತಂದಿದ್ದ. ಒಳಗೆ ಮೂರು ಪೆಡಲ್. ಕಾರ್ ರೇಸ್ ಆಟದ ಸ್ಟೀರಿಂಗ್ ವೀಲ್ ಜೊತೆ ಬರುತ್ತಲ್ಲ, ಅವು. ವೀಲ್ ಇಲ್ಲ. ಅದು ಯಾವತ್ತೋ ಸತ್ತು ಗುಜರಿ ಸೇರಿದೆಯಂತೆ. ಪೆಡಲ್ ಮಾತ್ರ ಗೆಳೆಯನೊಬ್ಬ ಪುಕ್ಕಟೆ ಕೊಟ್ಟನಂತೆ.

"ಮಾಮ, ಇದಕ್ಕೊಂದು ಯುಎಸ್‌ಬಿ ಹಾಕಿಕೊಡಿ. ನನ್ನ ವೀಲ್‌ನಲ್ಲಿ ಎರಡೇ ಪೆಡಲ್, ಕ್ಲಚ್ ಇಲ್ಲ" ಅಂದ.

ಒಂದು ಭಾನುವಾರದ ಕೆಲಸ ಅಂದುಕೊಂಡೆ. ನಾಲ್ಕು ಭಾನುವಾರ ಹಿಡಿಯಿತು. ವೈರು, ಸೋಲ್ಡರಿಂಗ್ ಎಲ್ಲ ಮೊದಲ ಮಧ್ಯಾಹ್ನವೇ ಮುಗಿದಿತ್ತು. ಉಳಿದ ಮೂರೂವರೆ ವಾರ ಹೋಗಿದ್ದು ಒಂದೇ ಪ್ರಶ್ನೆಗೆ: ಕಾಲು ಒತ್ತಿದ್ದು ಎಷ್ಟು, ಆಟಕ್ಕೆ ತಲುಪಿದ್ದು ಎಷ್ಟು, ನಡುವೆ ತಿಂದವರು ಯಾರು?

ಒಂಬತ್ತು ಪಿನ್ನಿನ ಒಗಟು

ಪೆಡಲ್ ಸೆಟ್‌ನ ಕೇಬಲ್ ತುದಿಯಲ್ಲಿ ಹಳೇ ಕಂಪ್ಯೂಟರ್ ಸೀರಿಯಲ್ ಪೋರ್ಟಿನಂಥ ಒಂಬತ್ತು ಪಿನ್ನಿನ ಕನೆಕ್ಟರ್ ಇತ್ತು. ನೋಡೋಕೆ ಸೀರಿಯಲ್, ಆದರೆ ಒಳಗೆ ಡಿಜಿಟಲ್ ಏನೂ ಇಲ್ಲ. ಒಂದೊಂದು ಪೆಡಲ್‌ಗೂ ಒಂದೊಂದು 10 ಕಿಲೋ ಓಮ್ ಪೊಟೆನ್ಷಿಯೋಮೀಟರ್, ಅಷ್ಟೇ. ರೇಡಿಯೋದ ವಾಲ್ಯೂಮ್ ತಿರುಗಿಸುವ ಸಾಮಾನೇ ಇದು. ನಾವೆಲ್ಲ ಪಾಟ್ ಅಂತೀವಿ. ಪೆಡಲ್ ಒತ್ತಿದರೆ ಹಲ್ಲಿನ ಚಕ್ರವೊಂದು ಪಾಟ್ ತಿರುಗಿಸುತ್ತದೆ.

ಯಾವ ಪಿನ್ ಯಾವುದು ಅಂತ ಮಲ್ಟಿಮೀಟರ್ ಹಿಡಿದೇ ಹುಡುಕಿದೆ. ಮೂರೂ ಪಾಟ್‌ಗಳಿಗೆ ಪವರ್ ಮತ್ತು ಗ್ರೌಂಡ್ ಒಂದೇ ಆದ್ದರಿಂದ ಅವು ಪ್ಯಾರಲಲ್‌ನಲ್ಲಿವೆ. 10 ಕಿಲೋ ಓಮ್ ಮೂರು ಪ್ಯಾರಲಲ್‌ನಲ್ಲಿದ್ದರೆ 3.3 ಕಿಲೋ ಓಮ್. ಹಾಗಾಗಿ ಯಾವ ಎರಡು ಪಿನ್ ನಡುವೆ ಸುಮಾರು 3.3 ಕಿಲೋ ಓಮ್ ಬಂದು, ಯಾವ ಪೆಡಲ್ ಒತ್ತಿದರೂ ಅದು ಅಲ್ಲಾಡುವುದಿಲ್ಲವೋ, ಅವೆರಡು ಪವರ್ ಮತ್ತು ಗ್ರೌಂಡ್. ಉಳಿದವು ಒತ್ತಿದಾಗ ಅಲ್ಲಾಡುವ ಪಿನ್ನುಗಳು. ಹತ್ತು ನಿಮಿಷದ ಕೆಲಸ, ಸರ್ಕ್ಯೂಟ್ ಡಯಾಗ್ರಾಮ್ ಬೇಕಾಗಲಿಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಪ್ರೋ ಮೈಕ್ರೋ ಅನ್ನುವ ಒಂದು ಪುಟ್ಟ ಕಂಪ್ಯೂಟರ್ ಬೋರ್ಡ್ ತಂದೆ. ಅದರಲ್ಲಿರುವುದು ಎಟಿಮೆಗಾ 32ಯು4 ಚಿಪ್. ಮಾಮೂಲಿ ಆರ್ಡುಯಿನೋ ಊನೋ ಬದಲು ಇದೇ ಯಾಕೆ ಅಂದರೆ, ಇದು ಯುಎಸ್‌ಬಿಯಲ್ಲಿ ತಾನೇ ಕೀಬೋರ್ಡ್, ಮೌಸ್, ಜಾಯ್‌ಸ್ಟಿಕ್ ಅಂತ ಪರಿಚಯ ಮಾಡಿಕೊಳ್ಳಬಲ್ಲದು. ಊನೋದಲ್ಲಿ ಯುಎಸ್‌ಬಿ ಕೆಲಸಕ್ಕೆ ಬೇರೆ ಚಿಪ್ ಕೂತಿರುತ್ತದೆ, ಅದರ ಜೊತೆ ಗುದ್ದಾಡಬೇಕು.

ಈ ಚಿಪ್‌ನ ಎಡಿಸಿ 10 ಬಿಟ್‌ನದು, ಅಂದರೆ ವೋಲ್ಟೇಜನ್ನು 0ರಿಂದ 1023ರವರೆಗಿನ ಅಂಕಿ ಮಾಡಿ ಕೊಡುತ್ತದೆ. ಪೆಡಲ್ ಪೂರ್ತಿ ಒತ್ತಿದರೂ ಪಾಟ್ ಪೂರ್ತಿ ತಿರುಗುವುದಿಲ್ಲ. ನನ್ನ ಬ್ರೇಕ್ ಪೆಡಲ್ 180ರಿಂದ 870ರವರೆಗೆ ಮಾತ್ರ ಓಡಾಡುತ್ತಿತ್ತು. ಇನ್ನೂ ಸ್ವಲ್ಪ ನಯ ಬೇಕು ಅಂತ ಒಂದೊಂದು ಪೆಡಲನ್ನೂ 16 ಸಲ ಓದಿ, ಕೂಡಿಸಿ, 4ರಿಂದ ಭಾಗಿಸಿದೆ. ಹಾಗೆ ಮಾಡಿದರೆ 12 ಬಿಟ್‌ನ ಅಂಕಿ ಸಿಗುತ್ತದೆ. ಒಂದು ಸಲ ಓದೋಕೆ ಸುಮಾರು 100 ಮೈಕ್ರೋಸೆಕೆಂಡ್. ಮೂರು ಪೆಡಲ್‌ಗೆ 48 ಸಲ ಅಂದರೆ ಸುಮಾರು 5 ಮಿಲಿಸೆಕೆಂಡ್, ಸೆಕೆಂಡಿಗೆ 200 ರೀಡಿಂಗ್. ಕಾಲಿಗೆ ಇದು ಧಾರಾಳ.

ಆಮೇಲೆ ಕನಿಷ್ಠ ಮತ್ತು ಗರಿಷ್ಠ ನೋಡಿಕೊಂಡು ಎಲ್ಲವನ್ನೂ 0ರಿಂದ 4095ಕ್ಕೆ ಹಿಗ್ಗಿಸಿದೆ. ಪೆಡಲ್ ಬಿಟ್ಟಾಗ 0, ಪೂರ್ತಿ ಒತ್ತಿದಾಗ 4095. ಇದರಲ್ಲೇನು ವಿಶೇಷ ಅನ್ನಿಸಬಹುದು. ಹಳೇ ವೀಲ್‌ಗಳು ಎಷ್ಟೋ ಇದಕ್ಕೆ ಉಲ್ಟಾ: ಬಿಟ್ಟಾಗ 255, ಒತ್ತಿದಾಗ 0. ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಅಂಕಿ ಬದಲಾದಾಗ ಮಾತ್ರ ಸುದ್ದಿ ಕೊಡುತ್ತದೆ, ಬದಲಾಗದಿದ್ದರೆ ಸುಮ್ಮನಿರುತ್ತದೆ. ಕಂಪ್ಯೂಟರ್ ಆನ್ ಮಾಡಿ ಇನ್ನೂ ಯಾರೂ ಪೆಡಲ್ ಮುಟ್ಟಿಲ್ಲ ಅಂದರೆ ಅದರ ಲೆಕ್ಕದಲ್ಲಿ ಅಂಕಿ 0ಯಲ್ಲೇ ಕೂತಿರಬಹುದು. ಉಲ್ಟಾ ಪೆಡಲ್‌ಗೆ 0 ಅಂದರೆ ಪೂರ್ತಿ ಆಕ್ಸಿಲರೇಟರ್! ಆಟ ಶುರುವಾದ ಕೂಡಲೇ ಗಾಡಿ ತಾನೇ ಓಡಿಹೋಗುವುದು, ಒಮ್ಮೆ ಪೆಡಲ್ ತುಳಿದು ಬಿಟ್ಟರೆ ಸರಿಹೋಗುವುದು ಇದೇ ಕಾರಣಕ್ಕೆ. ನೋಡಿದವರಿಗೆ ಗೊತ್ತಿರುತ್ತದೆ. ನಾನು ಬಿಟ್ಟಾಗ 0 ಅಂತ ಇಟ್ಟಿದ್ದು ಆ ಕಾಟ ಬೇಡ ಅಂತ.

ಮೊದಲ ಪ್ರಯತ್ನ: ಕ್ಲಚ್ ನಾಪತ್ತೆ

ಯುಎಸ್‌ಬಿ ಸಾಧನ ಕಂಪ್ಯೂಟರಿಗೆ ಸಿಕ್ಕಿಸಿದ ತಕ್ಷಣ ತನ್ನ ಜಾತಕ ಓದುತ್ತದೆ. ಅದಕ್ಕೆ ರಿಪೋರ್ಟ್ ಡಿಸ್ಕ್ರಿಪ್ಟರ್ ಅಂತ ಹೆಸರು. ನಾನು ಜಾಯ್‌ಸ್ಟಿಕ್, ನನ್ನ ಹತ್ತಿರ ಮೂರು ಆಕ್ಸಿಸ್ (ಏರಿಳಿಯುವ ಅಂಕಿ) ಇವೆ, ಒಂದೊಂದಕ್ಕೂ 16 ಬಿಟ್, ಕನಿಷ್ಠ ಇಷ್ಟು, ಗರಿಷ್ಠ ಇಷ್ಟು ಅಂತ. ಆಮೇಲೆ ಕಳಿಸುವುದೆಲ್ಲ ಬರೀ ಬೈಟುಗಳು. ನನ್ನ ಪೆಡಲ್ ಕಳಿಸುವುದು ಆರೇ ಆರು ಬೈಟು. ಆ ಬೈಟಿಗೆ ಅರ್ಥ ಕೊಡುವುದು ಜಾತಕ.

(ಗರಿಷ್ಠ 4095 ಇಟ್ಟಿದ್ದಕ್ಕೆ ಇನ್ನೊಂದು ಕಾರಣವಿದೆ. ಜಾತಕದಲ್ಲಿ ಈ ಅಂಕಿಗಳು ಪ್ಲಸ್, ಮೈನಸ್ ಎರಡೂ ಆಗಬಹುದಾದವು. 65535 ಅನ್ನು ಎರಡೇ ಬೈಟಿನಲ್ಲಿ ಬರೆದರೆ ಅದು -1 ಅಂತಲೂ ಓದಿಕೊಳ್ಳುತ್ತದೆ. ನಾಲ್ಕು ಬೈಟಿನಲ್ಲಿ ಬರೆಯಬೇಕು. 4095ಕ್ಕೆ ಆ ತಲೆನೋವಿಲ್ಲ.)

ಯುಎಸ್‌ಬಿ ಸಂಸ್ಥೆಯ ಪಟ್ಟಿಯಲ್ಲಿ ಸಿಮ್ಯುಲೇಶನ್ ಅಂತ ಒಂದು ಪುಟವಿದೆ. ಅದರಲ್ಲಿ ಆಕ್ಸಿಲರೇಟರ್, ಬ್ರೇಕ್, ಕ್ಲಚ್ ಮೂರಕ್ಕೂ ಪ್ರತ್ಯೇಕ ಸಂಖ್ಯೆ ಇದೆ. ಹೆಕ್ಸ್‌ನಲ್ಲಿ, ಅಂದರೆ ಹದಿನಾರರ ಲೆಕ್ಕದಲ್ಲಿ, ಸಿ4, ಸಿ5, ಸಿ6. ಇದಕ್ಕಿಂತ ಸರಿಯಾದ್ದು ಇನ್ನೇನಿದೆ ಅಂತ ಖುಷಿಯಿಂದ ಅವನ್ನೇ ಬರೆದೆ. ಸಾಧನದಿಂದ ಬರುವ ಅಂಕಿ ತೋರಿಸುವ ಇವಿಟೆಸ್ಟ್ ಅನ್ನುವ ಪ್ರೋಗ್ರಾಮ್ ಹಾಕಿ ನೋಡಿದರೆ ಎರಡೇ ಆಕ್ಸಿಸ್. ಎಬಿಎಸ್ ಗ್ಯಾಸ್ (ಅಂದರೆ ಆಕ್ಸಿಲರೇಟರ್), ಎಬಿಎಸ್ ಬ್ರೇಕ್; ಈ ಎಬಿಎಸ್ ಅಂದರೆ ಆಬ್ಸಲ್ಯೂಟ್, ಕಾರಿನ ಎಬಿಎಸ್ ಅಲ್ಲ. ಕ್ಲಚ್ ಇಲ್ಲವೇ ಇಲ್ಲ.

ವೈರ್ ಬಿಟ್ಟಿದೆ ಅಂದುಕೊಂಡು ಮತ್ತೆ ಮಲ್ಟಿಮೀಟರ್ ಹಿಡಿದೆ. ವೈರ್ ಸರಿ ಇದೆ. ಬೋರ್ಡ್ ಕಳಿಸುವ ಆರೂ ಬೈಟು ಹಾಗೇ ಹಿಡಿದು ನೋಡಿದೆ. ಕ್ಲಚ್ ಒತ್ತಿದರೆ ಕೊನೆಯ ಎರಡು ಬೈಟು ಚೆನ್ನಾಗಿಯೇ ಬದಲಾಗುತ್ತಿವೆ. ಕಂಪ್ಯೂಟರ್ ಒಳಗೆ ಬಂದಿದೆ, ಬಂದಮೇಲೆ ಕಳೆದುಹೋಗಿದೆ.

ಕೀಬೋರ್ಡ್, ಜಾಯ್‌ಸ್ಟಿಕ್ ಥರದವನ್ನು ನೋಡಿಕೊಳ್ಳುವ, ಕರ್ನಲ್‌ನ ಎಚ್‌ಐಡಿ ಇನ್‌ಪುಟ್ ಫೈಲ್ ತೆರೆದು ನೋಡಿದಾಗ ಉತ್ತರ ಸಿಕ್ಕಿತು. ಸಿಮ್ಯುಲೇಶನ್ ಪುಟಕ್ಕೆ ಅಲ್ಲಿರುವುದು ಪುಟ್ಟ ಪಟ್ಟಿ: ರಡರ್, ಥ್ರಾಟಲ್, ಆಕ್ಸಿಲರೇಟರ್, ಬ್ರೇಕ್, ಸ್ಟೀರಿಂಗ್. ಉಳಿದದ್ದು ಏನು ಬಂದರೂ ಕಡೆಗಣಿಸು ಅಂತ ಒಂದು ಸಾಲು. ಸಿ6 ಆ ಪಟ್ಟಿಯಲ್ಲಿ ಇಲ್ಲ. ಎಚ್ಚರಿಕೆಯ ಸಂದೇಶವೂ ಇಲ್ಲ. ಬಾಗಿಲಲ್ಲಿ ಹೆಸರಿನ ಪಟ್ಟಿ ಹಿಡಿದು ನಿಂತವನು ನಿಮ್ಮ ಹೆಸರಿಲ್ಲ ಅಂತ ಹೇಳಿಯಾದರೂ ಕಳಿಸುತ್ತಾನೆ. ಇದು ಮಾತೂ ಆಡುವುದಿಲ್ಲ.

ಎರಡನೇ ಪ್ರಯತ್ನ: ನೀನು ಯಾರಪ್ಪ?

ಸರಿ, ಹೆಸರಿನ ಗೊಡವೆಯೇ ಬೇಡ ಅಂತ ಮೂರಕ್ಕೂ ಎಕ್ಸ್, ವೈ, ಝಡ್ ಅಂತ ಕೊಟ್ಟೆ. ಇವಿಟೆಸ್ಟ್‌ನಲ್ಲಿ ಮೂರೂ ಬಂದವು. ಆಹಾ ಅಂತ ಹುಡುಗನನ್ನು ಕರೆದೆ. ಅವನು ಆಟ ತೆರೆದ. ಸೆಟ್ಟಿಂಗ್ಸ್‌ನಲ್ಲಿ ಪೆಡಲ್ ಕಾಣಿಸಲೇ ಇಲ್ಲ.

ಇನ್ನೊಂದು ಸುಳಿವು ಆಗಲೇ ಸಿಕ್ಕಿತ್ತು, ನಾನು ಗಮನಿಸಿರಲಿಲ್ಲ. ಇವಿಟೆಸ್ಟ್ ಪ್ರತಿ ಸಲ ಸುಡೋ, ಅಂದರೆ ಅಡ್ಮಿನ್ ಅನುಮತಿ, ಕೇಳುತ್ತಿತ್ತು. ಜಾಯ್‌ಸ್ಟಿಕ್ ಆಗಿದ್ದರೆ ಕೂತಿರುವ ಬಳಕೆದಾರನಿಗೆ ತಾನೇ ಅನುಮತಿ ಸಿಗಬೇಕು. ಸಿಕ್ಕಿಲ್ಲ ಅಂದರೆ ಸಿಸ್ಟಮ್ ಇದನ್ನು ಜಾಯ್‌ಸ್ಟಿಕ್ ಅಂತ ಒಪ್ಪಿಲ್ಲ. ಸಿಕ್ಕಿಸಿದ ಸಾಧನ ಯಾವುದು ಅಂತ ಗುರುತಿಸುವ ಯುಡೆವ್ ಏನು ಹಣೆಪಟ್ಟಿ ಹಚ್ಚಿದೆ ಅಂತ ಕೇಳಿದೆ. ಬಂದ ಉತ್ತರ: ಐಡಿ ಇನ್‌ಪುಟ್ ಆಕ್ಸಿಲರೋಮೀಟರ್.

ನಾನು ಕೊಟ್ಟಿದ್ದು ಆಕ್ಸಿಲರೇಟರ್, ಅದು ಓದಿದ್ದು ಆಕ್ಸಿಲರೋಮೀಟರ್. ಇದು ಹೆಸರಿನ ಗೊಂದಲ ಅಲ್ಲ, ಹೆಸರು ಅದಕ್ಕೆ ಗೊತ್ತೇ ಇಲ್ಲ. ಅದರ ತರ್ಕ ಹೀಗೆ: ಎಕ್ಸ್, ವೈ, ಝಡ್ ಮೂರೂ ಇವೆ, ಒಂದೂ ಬಟನ್ ಇಲ್ಲ. ಹಾಗಿದ್ದರೆ ಇದು ಲ್ಯಾಪ್‌ಟಾಪ್, ಟ್ಯಾಬ್ಲೆಟ್ ಓರೆಯಾದದ್ದು ತಿಳಿಸುವ ಸೆನ್ಸರ್ ಇರಬೇಕು. ಪಾಪ, ಊಹೆ ತಪ್ಪಲ್ಲ. ಬಟನ್ ಇಲ್ಲದ ಜಾಯ್‌ಸ್ಟಿಕ್ ಯಾರು ಮಾಡುತ್ತಾರೆ? ಬರೀ ಪೆಡಲ್ ಮಾಡುವವರು ಮಾಡುತ್ತಾರೆ.

ಸದ್ಯಕ್ಕೆ ಯಾರೂ ಒತ್ತದ ಒಂದು ಸುಳ್ಳು ಬಟನ್ ಸೇರಿಸಿದೆ. ತಕ್ಷಣ ಜಾಯ್‌ಸ್ಟಿಕ್ ಆಯಿತು, ಆಟದಲ್ಲೂ ಕಂಡಿತು. ಹುಡುಗ ಕುಣಿದ.

ದೊಡ್ಡಪ್ಪನ ಕಾಲು

ಆ ವಾರ ತುಮಕೂರಿನಿಂದ ದೊಡ್ಡಪ್ಪ ಬಂದಿದ್ದರು. ಮೂವತ್ತೆರಡು ವರ್ಷ ಬಸ್ ಓಡಿಸಿ ನಿವೃತ್ತರಾದವರು. ಶಿರಾಡಿ ಘಾಟಿಯನ್ನು ಮಳೆಗಾಲದ ರಾತ್ರಿಯಲ್ಲಿ ಎಷ್ಟು ಸಲ ಇಳಿದಿದ್ದಾರೋ ಲೆಕ್ಕವಿಲ್ಲ. ಹುಡುಗ ಲಾರಿ ಓಡಿಸುವ ಆಟ ಹಾಕಿ "ತಾತ, ನೀವು ಓಡಿಸಿ" ಅಂದ. ಅವರು ಪಂಚೆ ಮೇಲೆತ್ತಿ ಕಟ್ಟಿ ಕುರ್ಚಿಯಲ್ಲಿ ಕೂತರು. ಒಂದು ಇಳಿಜಾರು ಇಳಿದರು, ನಿಲ್ಲಿಸಿದರು, ಮತ್ತೆ ಇಳಿದರು. ಮುಖ ಗಂಟಿಕ್ಕಿತು.

"ಏನೋ ಇದು, ಬ್ರೇಕು ಅರ್ಧಕ್ಕೆ ಬಂದು ನಿಂತುಬಿಡುತ್ತೆ ಕಣೋ. ಒತ್ತುತಾ ಇದ್ದೀನಿ, ಜಾಸ್ತಿ ಹಿಡೀತಾ ಇಲ್ಲ. ಆಮೇಲೆ ಮತ್ತೆ ಹಿಡಿಯೋಕೆ ಶುರು ಮಾಡುತ್ತೆ."

"ಪಾಟ್ ಹಳೇದು ದೊಡ್ಡಪ್ಪ, ಧೂಳಿರಬೇಕು."

"ಧೂಳಾದರೆ ಒಂದೊಂದು ಸಲ ಒಂದೊಂದು ಥರ ಆಡುತ್ತೆ. ಇದು ಪ್ರತಿ ಸಲ ಅದೇ ಜಾಗ. ಮೂರು ಸಲ ನೋಡಿದೆ."

ನಾನು ಮೂರು ವಾರದಿಂದ ಅಂಕಿ ನೋಡುತ್ತಿದ್ದೆ. ಅವರು ಮೂರು ನಿಮಿಷಕ್ಕೆ ಹಿಡಿದರು.

ಇವಿಟೆಸ್ಟ್‌ನಲ್ಲಿ ನಿಧಾನಕ್ಕೆ ಬ್ರೇಕ್ ಒತ್ತಿದೆ. 1700, 1800, 1900, 2000, 2100, ಎಲ್ಲ ಸರಿಯಾಗಿ ಏರುತ್ತಿದೆ, ನಡುವೆ ಎಲ್ಲೂ ನಿಂತಿಲ್ಲ. ಜೆಎಸ್‌ಟೆಸ್ಟ್ ಅನ್ನುವ ಇನ್ನೊಂದು ಪ್ರೋಗ್ರಾಮಿನಲ್ಲಿ ನೋಡಿದೆ. ಇದು ಲಿನಕ್ಸ್‌ನ ಹಳೇ ಜಾಯ್‌ಸ್ಟಿಕ್ ದಾರಿಯಲ್ಲಿ ಓದುತ್ತದೆ (ಇವಿಟೆಸ್ಟ್ ಓದುವುದು ಹೊಸ ದಾರಿಯಲ್ಲಿ), ಅಂಕಿಗಳು -32767ರಿಂದ 32767. ಒತ್ತುತ್ತಾ ಹೋದೆ. -3000, -1500, -400, 0. ಆಮೇಲೆ 0. ಇನ್ನೂ ಒತ್ತಿದೆ, 0. ಬೆರಳಗಲ ಒಳಗೆ ಹೋಯಿತು, ಇನ್ನೂ 0. ಆಮೇಲೆ 300, 900 ಅಂತ ಮತ್ತೆ ಏರಿತು.

ಅದೇ ಪೆಡಲ್, ಅದೇ ಕ್ಷಣ, ಎರಡು ಕಿಟಕಿಯಲ್ಲಿ ಎರಡು ಸತ್ಯ.

"ಡ್ರೈವರ್ ತಪ್ಪು" ಅಂದೆ ನಾನು, ಜೋರಾಗಿಯೇ.

"ಯಾವ ಡ್ರೈವರ್?" ಅಂತ ದೊಡ್ಡಪ್ಪ ತಿರುಗಿ ನೋಡಿದರು. ಕಂಪ್ಯೂಟರ್ ಒಳಗಿನ ಡ್ರೈವರ್ ಅಂತ ಬಿಡಿಸಿ ಹೇಳುವಷ್ಟರಲ್ಲಿ ಹುಡುಗ ನಕ್ಕು ನಕ್ಕು ಸುಸ್ತಾಗಿದ್ದ.

ಕಾಲು ಭಾಗ ಸತ್ತ ಪೆಡಲ್

ಇವಿಟೆಸ್ಟ್ ಶುರುವಿನಲ್ಲಿ ಒಂದೊಂದು ಆಕ್ಸಿಸ್‌ಗೂ ನಾಲ್ಕೈದು ಸಾಲು ಮುದ್ರಿಸುತ್ತದೆ. ಮೌಲ್ಯ, ಕನಿಷ್ಠ, ಗರಿಷ್ಠ. ಅದರ ಕೆಳಗೆ ಎರಡು ಸಾಲು ನಾನು ಓದದೆ ಬಿಟ್ಟಿದ್ದೆ: ಫಜ್ 15, ಫ್ಲ್ಯಾಟ್ 255.

ಈ ಅಂಕಿಗಳನ್ನು ನಾನು ಕೊಟ್ಟಿಲ್ಲ. ಜಾತಕದಲ್ಲಿ ಜಾಯ್‌ಸ್ಟಿಕ್ ಅಥವಾ ಗೇಮ್‌ಪ್ಯಾಡ್ ಅಂತ ಬರೆದಿದ್ದರೆ ಕರ್ನಲ್ ತಾನೇ ಹಾಕುತ್ತದೆ. ಒಟ್ಟು ವ್ಯಾಪ್ತಿಯ 256ನೇ ಒಂದು ಭಾಗ ಫಜ್, 16ನೇ ಒಂದು ಭಾಗ ಫ್ಲ್ಯಾಟ್. 4095ಕ್ಕೆ ಲೆಕ್ಕ ಹಾಕಿದರೆ ಸರಿಯಾಗಿ 15 ಮತ್ತು 255.

ಫಜ್ ಅಂದರೆ ಇಷ್ಟು ಸಣ್ಣ ಅಲುಗಾಟವನ್ನು ನಂಬಬೇಡ ಅಂತ. ಫ್ಲ್ಯಾಟ್ ಅಂದರೆ ನಡುವಿನ ಸುತ್ತ ಇಷ್ಟು ದೂರ ಏನಾದರೂ ಸೊನ್ನೆ ಅಂತಲೇ ತಿಳಿ. ಜಾಯ್‌ಸ್ಟಿಕ್‌ಗೆ ಇದು ಒಳ್ಳೆಯ ಬುದ್ಧಿ. ಕೋಲು ಕೈ ಬಿಟ್ಟರೆ ಸ್ಪ್ರಿಂಗ್ ಅದನ್ನು ನಡುವಿಗೆ ತರುತ್ತದೆ, ಆದರೆ ಕರಾರುವಾಕ್ಕಾಗಿ ತರುವುದಿಲ್ಲ. ಆಗ ವಿಮಾನ ಸುಮ್ನೆ ಒಂದು ಕಡೆ ವಾಲುತ್ತಾ ಇರಬಾರದಲ್ವಾ? ಅದಕ್ಕೆ ನಡುವೆ ಒಂದು ಸತ್ತ ಜಾಗ.

ಪೆಡಲ್‌ಗೆ ನಡು ಅಂತ ವಿಶ್ರಾಂತಿಯ ಜಾಗವೇ ಇಲ್ಲ. ಅದು ವಿಶ್ರಾಂತಿ ಪಡೆಯುವುದು ಒಂದು ತುದಿಯಲ್ಲಿ. ಅದರ ನಡು ಅಂದರೆ ಅರ್ಧ ಬ್ರೇಕ್, ದೊಡ್ಡಪ್ಪನ ಕಾಲು ಅತಿ ಹೆಚ್ಚು ಹೊತ್ತು ಇರುವ ಜಾಗ.

ಲೆಕ್ಕ ಹಾಕಿ ನೋಡಿದೆ. ನಡು 2047. ಅಲ್ಲಿಂದ 255 ಕೆಳಗೆ 1792, 255 ಮೇಲೆ 2302. ಈ ಎರಡರ ನಡುವೆ ಎಲ್ಲವೂ ಸೊನ್ನೆ. ಇಷ್ಟೇ ಅಂದುಕೊಂಡರೆ ಹಳೇ ಜಾಯ್‌ಸ್ಟಿಕ್ ದಾರಿಯಲ್ಲಿ ಇನ್ನೊಂದಿದೆ. ಉಳಿದ ಭಾಗ ಹಿಗ್ಗಿಸುವಾಗ ಅದು ಎರಡು ಪಟ್ಟು ಫ್ಲ್ಯಾಟ್ ಕಳೆಯುತ್ತದೆ. ಹಾಗಾಗಿ ಅಂಕಿ ತುದಿ ಮುಟ್ಟುವ ಮೊದಲೇ, 3839ರ ಹತ್ತಿರವೇ, ಪೂರ್ತಿ ಅನ್ನಿಸಿಬಿಡುತ್ತದೆ. ಶುರುವಿನ ಕಡೆಯೂ ಹಾಗೇ, ಸುಮಾರು 255 ದಾಟುವವರೆಗೆ ಪೆಡಲ್ ಒತ್ತಿದ್ದೇ ಗೊತ್ತಾಗುವುದಿಲ್ಲ. ಶುರುವಿನಲ್ಲಿ 255, ನಡುವೆ 510, ಕೊನೆಯಲ್ಲಿ 255. ಕೂಡಿಸಿದರೆ 1020. ಪೆಡಲ್‌ನ ಓಟದಲ್ಲಿ ಕಾಲು ಭಾಗ ಬರೀ ಗಾಳಿ.

ಇವಿಟೆಸ್ಟ್‌ನಲ್ಲಿ ಯಾಕೆ ಕಾಣಲಿಲ್ಲ? ಕರ್ನಲ್ ಫ್ಲ್ಯಾಟನ್ನು ಸಲಹೆ ಥರ ಕೊಡುತ್ತದೆ, ಹೊಸ ದಾರಿಯಲ್ಲಿ ಅಂಕಿಯನ್ನು ತಾನು ಕತ್ತರಿಸುವುದಿಲ್ಲ. ಹಳೇ ದಾರಿ ಆ ಸಲಹೆಯನ್ನು ಪಾಲಿಸುತ್ತದೆ. ಎಷ್ಟೋ ಆಟಗಳು ಬಳಸುವ ಎಸ್‌ಡಿಎಲ್ ಲೈಬ್ರರಿಯ ಹಳೇ ಆವೃತ್ತಿಗಳೂ ಹೊಸ ದಾರಿಯಲ್ಲಿ ಓದಿ, ಇದೇ ಲೆಕ್ಕವನ್ನು ತಾವೇ ಮಾಡಿಕೊಳ್ಳುತ್ತಿದ್ದವು. ನಮ್ಮ ಹುಡುಗನ ಆಟ ಆ ಕಾಲದ್ದು.

ಇದಕ್ಕೆ ಸುಲಭದ ಮದ್ದು ಒಂದಿದೆ. ಇವಿಡೆವ್-ಜಾಯ್‌ಸ್ಟಿಕ್ ಅಂತ ಒಂದು ಕಮಾಂಡ್. ಡೆಡ್ ಝೋನ್ (ಅದೇ ಸತ್ತ ಜಾಗ) 0, ಫಜ್ 0 ಅಂತ ಹೇಳಿದರೆ ಆಯಿತು. ಆದರೆ ವೈರ್ ಕಿತ್ತು ಮತ್ತೆ ಹಾಕಿದರೆ ಹಳೇ ಕಥೆ, ಅದಕ್ಕೆ ಯುಡೆವ್ ನಿಯಮ ಬರೆದಿಡಬೇಕು. ಹುಡುಗ ಇದನ್ನು ಹಾಸ್ಟೆಲ್‌ನಲ್ಲಿ ಯಾರ್ಯಾರದೋ ಕಂಪ್ಯೂಟರಿಗೆ ಹಾಕುತ್ತಾನೆ. ಪ್ರತಿ ಕಡೆ ನಿಯಮ ಬರೆದು ಕೂರೋಕೆ ಆಗಲ್ಲ. ಪೆಡಲ್ ಒಳಗೇ ಸರಿಮಾಡಬೇಕು.

ಇಷ್ಟು ಜನ ವೀಲ್ ಬಳಸುತ್ತಾರಲ್ಲ, ಅವರಿಗೆ ಯಾಕೆ ಈ ತೊಂದರೆ ಇಲ್ಲ? ಲಾಜಿಟೆಕ್ ವೀಲ್‌ಗಳ ಕರ್ನಲ್ ಡ್ರೈವರ್ ತೆರೆದು ನೋಡಿದೆ. ಅಲ್ಲಿತ್ತು ಜಾಣತನ. ಆಕ್ಸಿಸ್‌ಗಳನ್ನು ಜೋಡಿಸುವಾಗ ಆ ಡ್ರೈವರ್ ಸಾಧನದ ಕಸುಬನ್ನೇ ಬದಲಾಯಿಸುತ್ತದೆ. ಇದು ಜಾಯ್‌ಸ್ಟಿಕ್ ಅಲ್ಲ, ಮಲ್ಟಿ ಆಕ್ಸಿಸ್ ಕಂಟ್ರೋಲರ್ ಅಂತ. ಮಲ್ಟಿ ಆಕ್ಸಿಸ್ ಅಂದರೆ ಕರ್ನಲ್ ಫಜ್, ಫ್ಲ್ಯಾಟ್ ಎರಡನ್ನೂ 0 ಇಡುತ್ತದೆ. ಒಂದೇ ಒಂದು ಪದದ ವ್ಯತ್ಯಾಸ.

ಆ ಡ್ರೈವರ್ ಮಾಡುವುದನ್ನು ನನ್ನ ಜಾತಕದಲ್ಲೇ ಬರೆದರಾಯಿತಲ್ಲ! ಜಾಯ್‌ಸ್ಟಿಕ್‌ನ ಸಂಖ್ಯೆ 4. ಮಲ್ಟಿ ಆಕ್ಸಿಸ್‌ನದು 8. ಒಂದು ಬೈಟ್ ತಿದ್ದಿದೆ.

ಎರಡು ಪೆಡಲ್, ಒಂದೇ ಅಂಕಿ

ಅದೇ ಡ್ರೈವರ್ ಫೈಲ್‌ನಲ್ಲಿ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಪೆಡಲ್ ಕೆಲಸಕ್ಕೆ ಸಂಬಂಧವಿಲ್ಲ, ಆದರೆ ಹುಡುಗನ ಹಳೇ ವೀಲ್‌ನ ಒಂದು ದೂರಿಗೆ ಉತ್ತರ ಅಲ್ಲಿತ್ತು. ಆ ವೀಲ್‌ನ ಎರಡೂ ಪೆಡಲ್ ಒಟ್ಟಿಗೆ ಒತ್ತಿದರೆ ಗಾಡಿಗೆ ಬ್ರೇಕೂ ಇಲ್ಲ, ಆಕ್ಸಿಲರೇಟರೂ ಇಲ್ಲ ಅಂತ ಅವನು ಹೇಳುತ್ತಿದ್ದ.

ಹಳೇ ಕಾಲದ ಆಟಗಳಿಗೆ ಗೊತ್ತಿದ್ದಿದ್ದು ಜಾಯ್‌ಸ್ಟಿಕ್ ಮಾತ್ರ. ಕೋಲು ಮುಂದೆ ತಳ್ಳಿದರೆ ಓಡು, ಹಿಂದೆ ಎಳೆದರೆ ನಿಲ್ಲು. ಎರಡೂ ಒಂದೇ ವೈ ಆಕ್ಸಿಸ್ ಮೇಲೆ. ಅಂಥ ಆಟಕ್ಕೆ ಪೆಡಲ್ ಒಗ್ಗಬೇಕಾದರೆ ಎರಡು ಪೆಡಲ್ ಸೇರಿ ಒಂದು ಕೋಲಾಗಬೇಕು. ಲಾಜಿಟೆಕ್ ಡ್ರೈವರ್‌ಗೆ 2016ರ ಸುಮಾರಿಗೆ ಇದಕ್ಕೊಂದು ಸ್ವಿಚ್ ಸೇರಿಸಿದರು, ಕಂಬೈನ್ ಪೆಡಲ್ಸ್ ಅಂತ. 1 ಅಂತ ಬರೆದರೆ ಸೇರಿಸುತ್ತದೆ, ಮಾಮೂಲಿಗೆ 0. ವೀಲ್ ತಾನೇ ಕೂಡಿಸಿದ ಅಂಕಿ ಕೊಡುವಂಥದ್ದಾದರೆ ಅದನ್ನೇ ತೆಗೆದುಕೊಳ್ಳುತ್ತದೆ. ಇಲ್ಲದಿದ್ದರೆ ಲೆಕ್ಕ ಮಾಡುತ್ತದೆ: 255ಕ್ಕೆ ಆಕ್ಸಿಲರೇಟರ್ ಅಂಕಿ ಕೂಡಿಸು, ಬ್ರೇಕ್ ಅಂಕಿ ಕಳೆ, ಅರ್ಧ ಮಾಡು.

ನೆನಪಿರಲಿ, ಈ ವೀಲ್‌ಗಳಲ್ಲಿ ಬಿಟ್ಟರೆ 255, ಒತ್ತಿದರೆ 0. ಎರಡೂ ಬಿಟ್ಟಾಗ 255 ಅರ್ಧವಾಗಿ 127, ಅಂದರೆ ನಡು. ಆಕ್ಸಿಲರೇಟರ್ ಪೂರ್ತಿ ಒತ್ತಿದರೆ 0. ಬ್ರೇಕ್ ಪೂರ್ತಿ ಒತ್ತಿದರೆ 255. ಎರಡೂ ಪೂರ್ತಿ ಒತ್ತಿದರೆ? ಮತ್ತೆ 127. ಎರಡು ಕಾಲೂ ಬಿಟ್ಟವನಿಗೂ ಎರಡು ಕಾಲೂ ಊರಿದವನಿಗೂ ಒಂದೇ ಅಂಕಿ. ಒಮ್ಮೆ ಕೂಡಿಸಿದ ಮೇಲೆ ಯಾವ ಆಟ ಬಂದರೂ ಅದನ್ನು ಬಿಡಿಸೋಕೆ ಆಗಲ್ಲ.

ದೊಡ್ಡಪ್ಪನಿಗೆ ಹೇಳಿದೆ. "ಹಾಗಾದರೆ ಏರಿನಲ್ಲಿ ಬಸ್ ಎತ್ತೋದು ಹೇಗೋ?" ಅಂದರು. ಏರಿನಲ್ಲಿ ನಿಂತ ಗಾಡಿ ಹಿಂದೆ ಜಾರದಂತೆ ಬ್ರೇಕ್ ಬಿಡುತ್ತಾ ಆಕ್ಸಿಲರೇಟರ್ ಕೊಡುವ ಕ್ಷಣ ಇದೆಯಲ್ಲ, ಕೂಡಿಸಿದ ಪೆಡಲ್‌ನಲ್ಲಿ ಅದಕ್ಕೆ ಜಾಗವೇ ಇಲ್ಲ. ಹುಡುಗನ ವೀಲ್‌ನ ಹಿಂದೆ ಒಂದು ಪುಟ್ಟ ಸ್ವಿಚ್ ಇತ್ತು, ಅದು ಕೂಡಿಸುವ ಕಡೆಗೇ ಇತ್ತು. ತಿರುಗಿಸಿದೆವು, ಅದರ ದೂರು ಮುಗಿಯಿತು.

ಮೂರನೇ ಪ್ರಯತ್ನ, ಮತ್ತು ಮುಚ್ಚಿಟ್ಟಿದ್ದ ಇನ್ನೊಂದು ರೋಗ

ಮಲ್ಟಿ ಆಕ್ಸಿಸ್ ಮಾಡಿದೆ. ಜೊತೆಗೆ ಎಕ್ಸ್, ವೈ ಬಿಟ್ಟು ಝಡ್, ಆರ್‌ಎಕ್ಸ್, ಆರ್‌ವೈ ಅಂತ ಬದಲಿಸಿದೆ. ಎಕ್ಸ್, ವೈ ಜೋಡಿ ಇಲ್ಲದಿದ್ದರೆ ಯುಡೆವ್‌ಗೆ ಆಕ್ಸಿಲರೋಮೀಟರ್ ಅನುಮಾನ ಬರುವುದಿಲ್ಲ. ಆರ್ ಸಾಲಿನ ಆಕ್ಸಿಸ್ ಕಂಡರೆ ಜಾಯ್‌ಸ್ಟಿಕ್ ಅಂತ ಒಪ್ಪುತ್ತದೆ. ಸುಳ್ಳು ಬಟನ್ ಕಿತ್ತುಹಾಕಿದೆ. ಅದು ಮೊದಲಿನಿಂದಲೂ ನನ್ನ ಮನಸ್ಸಿಗೆ ಚುಚ್ಚುತ್ತಿತ್ತು.

ಇವಿಟೆಸ್ಟ್ ಹಾಕಿದೆ. ಮೌಲ್ಯ, ಕನಿಷ್ಠ, ಗರಿಷ್ಠ. ಫಜ್, ಫ್ಲ್ಯಾಟ್ ಸಾಲುಗಳೇ ಮಾಯ, ಸೊನ್ನೆ ಇದ್ದರೆ ಅದು ಮುದ್ರಿಸುವುದೇ ಇಲ್ಲ. ಜೆಎಸ್‌ಟೆಸ್ಟ್‌ನಲ್ಲಿ ತುದಿಯಿಂದ ತುದಿಗೆ ಎಲ್ಲೂ ನಿಲ್ಲದೆ ಏರಿತು.

ಪೆಡಲ್‌ನಿಂದ ಕಾಲು ತೆಗೆದೆ. ಅಂಕಿಗಳು ನಿಲ್ಲಲಿಲ್ಲ. ಕ್ಲಚ್, ಆಕ್ಸಿಲರೇಟರ್ ಎರಡೋ ಮೂರೋ ಅಂಕಿ ಅಲ್ಲಾಡುತ್ತಿದ್ದವು, ಅದು ಸಹಜ. ಬ್ರೇಕ್ ಮಾತ್ರ ಹತ್ತು ಹನ್ನೆರಡು ಅಂಕಿ ಆಚೆ ಈಚೆ ನಡುಗುತ್ತಿತ್ತು. ಫಜ್ 15 ಇದ್ದಾಗ ಕರ್ನಲ್ ಇದನ್ನು ನುಂಗಿಕೊಳ್ಳುತ್ತಿತ್ತು. 7ರ ಒಳಗಿನ ಬದಲಾವಣೆ ಬಂದರೆ ಹಳೇ ಅಂಕಿಯನ್ನೇ ಇಟ್ಟುಕೊಳ್ಳುತ್ತದೆ, ಸ್ವಲ್ಪ ಜಾಸ್ತಿ ಬಂದರೆ ಹಳೇದು ಹೊಸದು ಬೆರೆಸಿ ಕೊಡುತ್ತದೆ. ಆ ಹೊದಿಕೆ ತೆಗೆದ ಮೇಲೆ ಚಳಿ ಶುರುವಾಯಿತು.

ಅಂತೂ ದೊಡ್ಡಪ್ಪನ ಹತ್ತಿರ ನಾನು ಹೇಳಿದ ಧೂಳೂ ಇತ್ತು. ಅವರು ಹೇಳಿದ್ದೂ ನಿಜ, ನಾನು ಹೇಳಿದ್ದೂ ನಿಜ. ಎರಡು ಬೇರೆ ರೋಗ, ಒಂದೇ ಕಾಲು.

ಬ್ರೇಕ್ ಪೆಡಲ್ ಬಿಚ್ಚಿದೆ. ಪಾಟ್ ಕಾರ್ಬನ್ ಪಟ್ಟಿಯ ಮೇಲೆ ಕಪ್ಪು ಪುಡಿ, ಅದರ ಮೇಲೆ ಒಂದು ಕೂದಲು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಮೂವತ್ತು ನಲವತ್ತು ಸಲ ಈ ತುದಿಯಿಂದ ಆ ತುದಿಗೆ ತಿರುಗಿಸಿದೆ. ತುಕ್ಕು ಬಿಡಿಸುವ ಮಾಮೂಲಿ ಎಣ್ಣೆ ಸ್ಪ್ರೇ ಬೇಡ, ಅದು ಪಟ್ಟಿಯ ಮೇಲೆ ಜಿಡ್ಡು ಬಿಡುತ್ತದೆ, ಮತ್ತೆ ಧೂಳು ಕೂರುತ್ತದೆ. ಒಣಗಿಸಿ ಜೋಡಿಸಿದ ಮೇಲೆ ನಡುಕ ನಾಲ್ಕು ಅಂಕಿಗೆ ಇಳಿಯಿತು. ಉಳಿದದ್ದಕ್ಕೆ ಫರ್ಮ್‌ವೇರ್‌ನಲ್ಲಿ, ಅಂದರೆ ಬೋರ್ಡ್ ಒಳಗಿನ ಪ್ರೋಗ್ರಾಮಿನಲ್ಲಿ, ಒಂದು ಸಾಲು: ಕಳೆದ ಸಲ ಕಳಿಸಿದ ಅಂಕಿಗಿಂತ ನಾಲ್ಕಕ್ಕೂ ಹೆಚ್ಚು ಬದಲಾದರೆ ಮಾತ್ರ ಕಳಿಸು. ಎರಡು ತುದಿಯಲ್ಲಿ ಈ ನಿಯಮ ಇಲ್ಲ, ಇಲ್ಲದಿದ್ದರೆ ಪೂರ್ತಿ ಬಿಟ್ಟರೂ 3 ಅಂತ ಅಂಟಿಕೊಂಡು ಕೂರುತ್ತದೆ.

ಈ ಕೂದಲಿನಿಂದ ಇನ್ನೊಂದು ಎಡವಟ್ಟೂ ಬಯಲಾಯಿತು. ಕನಿಷ್ಠ, ಗರಿಷ್ಠವನ್ನು ನಾನು ಓಡುತ್ತಿರುವಾಗಲೇ ಕಲಿಯುವ ಹಾಗೆ ಬರೆದಿದ್ದೆ. ಹೊಸ ದಾಖಲೆ ಬಂದರೆ ಅದೇ ಗರಿಷ್ಠ. ಪಾಟ್ ಒಮ್ಮೆ ಕೂದಲು ದಾಟುವಾಗ ಹಾರಿ 960 ತೋರಿಸಿದೆ, ಅದನ್ನು ಫರ್ಮ್‌ವೇರ್ ನಂಬಿ ಬರೆದಿಟ್ಟುಕೊಂಡಿದೆ. ನಿಜವಾದ ಗರಿಷ್ಠ 870. ಆಮೇಲೆ ಎಷ್ಟು ಒತ್ತಿದರೂ ಬ್ರೇಕ್ ನೂರಕ್ಕೆ 88ರ ಮೇಲೆ ಹೋಗುತ್ತಿರಲಿಲ್ಲ. ಈಗ ಕಲಿಕೆ ತೆಗೆದುಹಾಕಿದ್ದೇನೆ. ಬೋರ್ಡಿನ ಎರಡು ಪಿನ್ ಸೇರಿಸಿ ಮೂರೂ ಪೆಡಲ್ ಒಮ್ಮೆ ಪೂರ್ತಿ ಒತ್ತಿ ಬಿಟ್ಟರೆ ಆ ಅಂಕಿಗಳು ಚಿಪ್‌ನ ಈಪ್ರಾಮ್‌ನಲ್ಲಿ, ಅಂದರೆ ಪವರ್ ಹೋದರೂ ಅಳಿಯದ ಮೆಮೊರಿಯಲ್ಲಿ, ಕೂರುತ್ತವೆ. ಎರಡು ತುದಿಯಲ್ಲೂ ನೂರಕ್ಕೆ ಎರಡರಷ್ಟು ಸಡಿಲ ಬಿಟ್ಟಿದ್ದೇನೆ, ಸ್ಪ್ರಿಂಗ್ ಹಳೇದಾದರೂ 0 ಮುಟ್ಟಲಿ ಅಂತ. ಹಾಗೆ ನೋಡಿದರೆ ನಾನೂ ಒಂದು ಸತ್ತ ಜಾಗ ಇಟ್ಟೆ. ಆದರೆ ಪೆಡಲ್‌ಗೆ ಬೇಕಾದ ಜಾಗದಲ್ಲಿ.

ವಿಂಡೋಸ್‌ನಲ್ಲೂ ಹಾಕಿ ನೋಡಿದೆ. ಕಂಟ್ರೋಲ್ ಪ್ಯಾನಲ್‌ನ ಗೇಮ್ ಕಂಟ್ರೋಲರ್ ಕಿಟಕಿಯಲ್ಲಿ ಮೂರು ಪಟ್ಟಿ ಚೆನ್ನಾಗಿ ಏರಿ ಇಳಿದವು. ಅಲ್ಲಿ ಹೇಳುವಂಥದ್ದೇನೂ ಆಗಲಿಲ್ಲ.

ಬ್ರೇಕ್‌ಗೆ ಲೋಡ್ ಸೆಲ್ (ಒತ್ತಡ ಅಳೆಯುವ ಸೆನ್ಸರ್) ಹಾಕುವ ಆಸೆ ಇತ್ತು. ನಿಜವಾದ ಬ್ರೇಕ್ ಪೆಡಲ್ ದೂರಕ್ಕಿಂತ ಒತ್ತಡಕ್ಕೆ ಹೆಚ್ಚು ಸ್ಪಂದಿಸುತ್ತದೆ. ತೂಕದ ಯಂತ್ರದಲ್ಲಿ ಬಳಸುವ ಎಚ್‌ಎಕ್ಸ್ 711 ಚಿಪ್ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ, 24 ಬಿಟ್ ಕೊಡುತ್ತದೆ. ಆದರೆ ಸೆಕೆಂಡಿಗೆ 10 ಇಲ್ಲವೇ 80 ರೀಡಿಂಗ್ ಅಷ್ಟೇ. ಈಗ ಬರುತ್ತಿರುವ 200 ಬಿಟ್ಟು 80ಕ್ಕೆ ಇಳಿಯೋಕೆ ಮನಸ್ಸಾಗಲಿಲ್ಲ. ಬದಲಿಗೆ ಬ್ರೇಕ್ ಸ್ಪ್ರಿಂಗ್ ಒಳಗೆ ಒಂದು ರಬ್ಬರ್ ಬುಶ್ ತುರುಕಿದೆ. ಕೊನೆಯ ಮೂರನೇ ಒಂದು ಭಾಗ ಗಟ್ಟಿಯಾಯಿತು.

ನಾಲ್ಕನೇ ಭಾನುವಾರ ಸಂಜೆ ದೊಡ್ಡಪ್ಪ ಮತ್ತೆ ಕೂತರು. ಅದೇ ಇಳಿಜಾರು. ಅರ್ಧ ಬ್ರೇಕ್‌ನಲ್ಲಿ ಕಾಲು ಇಟ್ಟು, ಲಾರಿಯನ್ನು ಒಂದೇ ವೇಗದಲ್ಲಿ ಕೆಳಗಿನ ತಿರುವಿನವರೆಗೆ ಇಳಿಸಿದರು. ಏನೂ ಹೇಳಲಿಲ್ಲ. ಹುಡುಗ ಗೇರ್ ಹಾಕಿಕೊಟ್ಟ, ಅವರು ಕ್ಲಚ್ ನಿಧಾನಕ್ಕೆ ಬಿಟ್ಟರು. ಲಾರಿ ಎಗರಿ ಆಫ್ ಆಯಿತು.

"ಬ್ರೇಕ್ ಸರಿ ಆಯ್ತು ಕಣೋ" ಅಂದರು. "ಈ ಕ್ಲಚ್ ಎಲ್ಲಿ ಕಚ್ಚುತ್ತೆ?"

ಇವಿಟೆಸ್ಟ್ ಮತ್ತೆ ತೆರೆದಿದ್ದೇನೆ.